ಕಾವು

ಸೂಪರ್ ಮಾರ್ಕೆಟಿನಿಂದ ಮೂರು ಪುಸ್ತಕ ತಂದೆ.
ಒಂದರಾಗ ವಾರಕ್ಕ ಇಪ್ಪತ್ತು ಶಬ್ದ, ಶನಿವಾರ ಪರೀಕ್ಷೆ.
ಒಂದು ಧಾತು ಕಲಸ್ತದ, ಬೇರಿನಿಂದ ಚಿಗುರಿನ ತನಕ.
ಮೂರನೇದು ಬರೇ ಪಟ್ಟಿ:
ಎಡಕ್ಕ ಶಬ್ದ, ಬಲಕ್ಕ ಅರ್ಥ,
ನಡುವ ಎರಡು ಅಡ್ಡಗೆರಿ.

ದಾಕ್ಷಿಗೆ ಹನ್ನೆರಡು. ಸಾಲಿ ಬಿಟ್ಟು ಎರಡು ವರ್ಷ.
ಬಿಟ್ಟಿಲ್ಲ, ಮನಿಗೆ ತಂದೀವಿ, ಅಂತೀನಿ ಕೇಳಿದವರಿಗೆ.
ಹೊಲಿಗಿ ಮಷೀನಿನ ಹಲಗಿಯೇ ನಮ್ಮ ಬೆಂಚು.

ಮಧ್ಯಾಹ್ನ ಕರೆಂಟ್ ಹೋದಾಗ ಪಟ್ಟಿ ತೆಗೆದು ಓದಿದಳು:
ತಾಪ, ಝಳ, ಧಗಿ, ಸೆಕಿ, ಕಾವು.
ಎಲ್ಲಕ್ಕೂ ಬಿಸಿ ಅಂತ ಬರದಾರ, ಅವ್ವ.
ಸುಳ್ಳು.

ಝಳ ಅಂದ್ರ ಬಾಗಿಲ ತೆಗೆದ ಕೂಡ್ಲೆ ಮಾರಿಗೆ ಬಡಿಯೂದು.
ಧಗಿ, ಬರಿಗಾಲಿಲೆ ಮಾಳಿಗಿ ಹತ್ತಿ
ಹಪ್ಪಳ ತಿರುವಿ ಹಾಕೂ ಹೊತ್ತು.
ಸೆಕಿ ಕಲಬುರಗ್ಯಾಗ ಇಲ್ಲ, ಮಂಗಳೂರಿನ ಅತ್ತಿ ಮನ್ಯಾಗ ಅದ,
ಅಲ್ಲಿ ಅಂಗಿ ಒಣಗಂಗಿಲ್ಲ.
ತಾಪ ಪೇಪರಿನವರದು.
ಕಾವು?
ರಾತ್ರಿ ತೋರಸ್ತೀನಿ, ತಡಿ.

ಊಟಾದ ಮ್ಯಾಲ ನನ್ನ ಅಂಗೈ ಹಿಡಿದು
ಪಡಸಾಲಿಯ ಕಲ್ಲಿನ ಗ್ವಾಡಿಗೆ ಒತ್ತಿದಳು.
ಹತ್ತು ಗಂಟಿ. ಬಿಸಿಲು ಇನ್ನಾ ಒಳಗ ಕೂತಿತ್ತು.

ಪರೀಕ್ಷೆ ಪುಸ್ತಕ ಮರುದಿನ ವಾಪಸ್ ಕೊಟ್ಟೆ.
ಧಾತುವಿಂದು ಮುಂದಿನ ವರ್ಷಕ್ಕ ಇರಲಿ.
ಪಟ್ಟಿ ಇಟ್ಕೊಂಡೀವಿ, ಜಗಳಾಡಲಿಕ್ಕ.
ದಿನಾ ಐದು ಶಬ್ದ. ಗೆದ್ದವರು ಪೆನ್ಸಿಲಿನಿಂದ
ಅಡ್ಡಗೆರಿ ಹೊಡಿಬೇಕು.

ಇವತ್ತು ಪಾಠ ತಂಪಿಂದು.
ತಂಪು, ಅಂದಳು.
ತಣ್ಣಗ, ಅಂದೆ.
ಇಬ್ಬರೂ ಮೂಲ್ಯಾಗಿನ ಗಡಿಗಿ ಕಡೆ ನೋಡಿದಿವಿ.
ಮುಂದ ಒಂದೂ ಹೊಳಿಲಿಲ್ಲ.
ಪುಸ್ತಕ ತಾ, ಅಂದೆ.