ಸಹಿ ಇನ್ನೂ ಜಾರಿಗೆ ಬಂದಿಲ್ಲ

ರುವಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ
ಮೈಮೂನಾ ಅವರ ಹೊಲಿಗೆಯಂಗಡಿ.
ಬೇಸಿಗೆ ರಜೆಗೆ ನಲವತ್ತು ದಿನ ಬೀಗ ಬಿದ್ದಿತ್ತು,
ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟು ಹೋಗಿದ್ದರು.
ಬಂದವರೇ ಮೊದಲು ಎಸಿ ಹಾಕಿದರು,
ಆಮೇಲೆ ಕಂಪ್ಯೂಟರು, ಆಮೇಲೆ ನನಗೆ ಫೋನು:
"ಅಳತೆ ತೆರೆಯುವುದೇ ಇಲ್ಲ ಮಾರಾಯ್ರೆ,
ಇಲ್ಲಿ ಮೂವರು ಹೆಂಗಸರು ಕಾದು ಕೂತಿದ್ದಾರೆ."

ಅಳತೆ ಅಂದರೆ ಒಂದು ಸಣ್ಣ ಪ್ರೋಗ್ರಾಮು.
ಎಂಟುನೂರು ಅಬಾಯಗಳ ಭುಜ, ತೋಳು, ಉದ್ದ
ಅದರ ಹೊಟ್ಟೆಯಲ್ಲಿ.
ಬರೆದವನು ಅವರ ತಮ್ಮ ಅದ್ರಾಮ.
ಹಗಲು ಸೈಟಿನಲ್ಲಿ ಸಿಮೆಂಟು ಚೀಲ ಎಣಿಸಿ,
ರಾತ್ರಿ ಕ್ಯಾಂಪಿನ ಮೇಲಿನ ಮಂಚದಲ್ಲಿ
ಸೂರಿಗೆ ತಲೆ ತಾಗದ ಹಾಗೆ ಬಗ್ಗಿ ಬರೆದದ್ದು.
ಎರಡು ತಿಂಗಳ ಓವರ್‌ಟೈಮ್ ಸುರಿದು
ಅದಕ್ಕೊಂದು ಡಿಜಿಟಲ್ ಸಹಿಯನ್ನೂ ಕೊಂಡಿದ್ದ.
"ನಾಳೆ ಯಾರೂ ಇದನ್ನು ಕಳ್ಳಮಾಲು ಅನ್ನಬಾರದು" ಅಂತ.
ಅವನು ಹೋಗಿ ಐದು ವರ್ಷ.

ಪರದೆಯ ಮೇಲೆ ನೀಲಿ ಚೌಕ:
ನಿಮ್ಮ ಸುರಕ್ಷತೆಗಾಗಿ ತಡೆಯಲಾಗಿದೆ.
ತಯಾರಿಸಿದವರು ಯಾರೆಂದು ತಿಳಿದಿಲ್ಲ.

"ಯಾರಿಗೆ ತಿಳಿದಿಲ್ಲ?" ಎಂದರು ಮೈಮೂನಾ.
"ಮೀನು ಸಾರಿಗೆ ಎರಡು ಸಲ ಉಪ್ಪು ಹಾಕುವವನು,
ಈ ಓಣಿಯಲ್ಲಿ ಅವನ ಗುರುತು ಯಾರಿಗಿಲ್ಲ?"

ಯಂತ್ರಕ್ಕೆ ಓಣಿ ಗೊತ್ತಿಲ್ಲ.
ನಾನು ನನ್ನ ಕೆಲಸ ಮಾಡಿದೆ:
ಗುಣಲಕ್ಷಣ ತೆರೆದು, ತಡೆ ತೆಗೆಯುವ ಖಾನೆಗೆ ಗುರುತು ಹಾಕಿದೆ.
ಆ್ಯಂಟಿವೈರಸ್ಸಿನ ಬಂದೀಖಾನೆ ಇಣುಕಿದೆ,
ಅಲ್ಲಿದ್ದದ್ದು ಯಾವುದೋ ಹಳೆಯ ಲೂಡೋ ಆಟ ಮಾತ್ರ.
ಪಕ್ಕದ ಮೊಬೈಲ್ ಅಂಗಡಿಯ ಹುಡುಗ ಬಾಗಿಲಲ್ಲೇ ನಿಂತು
"ಆ ಕಾವಲನ್ನೇ ಪೂರ್ತಿ ಆಫ್ ಮಾಡಿಬಿಡಿ" ಎಂದ.
ಒಬ್ಬ ಪರಿಚಯದವ ಒಳಬರಲೆಂದು
ಯಾರಾದರೂ ಬಾಗಿಲ ಚೌಕಟ್ಟನ್ನೇ ಕೀಳುತ್ತಾರೆಯೇ?

ಕೊನೆಗೆ ಸಹಿಯನ್ನೇ ಬಿಡಿಸಿ ನೋಡಿದೆ.
ಅಬ್ದುಲ್ ರಹಿಮಾನ್ ಕೆ. ಅದರ ಕೆಳಗೆ ಸಣ್ಣಕ್ಷರ:
ಈ ಸಹಿ ಇನ್ನೂ ಜಾರಿಗೆ ಬಂದಿಲ್ಲ.

ಅವಧಿ ಮುಗಿದದ್ದನ್ನು ಈ ಊರಿನಲ್ಲಿ ದಿನಾ ನೋಡುತ್ತೇನೆ,
ಕಾರ್ಡು, ಪರ್ಮಿಟ್ಟು, ಹಾಲಿನ ಡಬ್ಬಿ.
ಇನ್ನೂ ಬಂದಿಲ್ಲ ಅನ್ನುವುದನ್ನು ನೋಡಿದ್ದು ಅದೇ ಮೊದಲು.

ಆಗ ಕಣ್ಣಿಗೆ ಬಿತ್ತು, ಪರದೆಯ ಮೂಲೆಯ ತಾರೀಖು:
ಜನವರಿ ಒಂದು, ಎರಡು ಸಾವಿರದ ಹನ್ನೊಂದು.
ಒಳಗಿನ ಬಿಲ್ಲೆ ಬ್ಯಾಟರಿ
ಮುಚ್ಚಿದ ಅಂಗಡಿಯ ಧಗೆಯಲ್ಲಿ ಸತ್ತಿತ್ತು.

"ಇದರ ಲೆಕ್ಕದಲ್ಲಿ," ನಕ್ಕೆ ನಾನು,
"ಅದ್ರಾಮ ಇದನ್ನು ಇನ್ನೂ ಬರೆದೇ ಇಲ್ಲ."

ಅವರು ನಗಲಿಲ್ಲ.
ಕತ್ತರಿಯನ್ನು ಮೇಜಿನ ಮೇಲಿಟ್ಟರು, ಸದ್ದಾಗದ ಹಾಗೆ.
"ಇದರ ಲೆಕ್ಕದಲ್ಲಿ ಅವನು ಕ್ಯಾಂಪಿನಲ್ಲಿದ್ದಾನೆ, ಹಾಗಾದರೆ.
ಶುಕ್ರವಾರ ಅಂಜಲ್ ಮೀನು ಹಿಡಿದುಕೊಂಡು ಬರುತ್ತಾನೆ.
ಪುಸ್ತಕದಲ್ಲಿ ಯಾಕೆ ಬರೀತೀ ಅಕ್ಕಾ ಅಂತ ಬೈಯುತ್ತಾನೆ."

ಸ್ಕ್ರೂಡ್ರೈವರು ನನ್ನ ಕೈಯಲ್ಲೇ ಇತ್ತು.

"ಒಂದು ಚಾ ಕುಡಿಯಿರಿ," ಎಂದರು. "ಆಮೇಲೆ ಸರಿ ಮಾಡಿ."

ಎದುರಿನ ಹೋಟೆಲಿನಿಂದ ಕರಕ್ ಚಾ ಬಂತು.
ಕಾದು ಕೂತ ಹೆಂಗಸರಲ್ಲೊಬ್ಬಳು ಗಡಿಯಾರ ನೋಡಿದಳು.
ಹನ್ನೊಂದನೇ ಇಸವಿಯಲ್ಲಿ ಕೂತು ನಾವಿಬ್ಬರೂ
ಆ ಸಿಹಿ ಚಾವನ್ನು ಆದಷ್ಟು ನಿಧಾನ ಕುಡಿದೆವು,
ತಳದ ಏಲಕ್ಕಿ ಸಿಪ್ಪೆ ತುಟಿಗೆ ತಾಗುವವರೆಗೆ.

ಐನೂರು ಬೈಸಾದ ಬ್ಯಾಟರಿ.
ತಾರೀಖು ತಿದ್ದಿದೆ. ಅಷ್ಟೂ ವರ್ಷ
ಒಂದೇ ಒತ್ತಿಗೆ ಕಳೆದುಹೋದವು.
ಅಳತೆ ತೆರೆದುಕೊಂಡಿತು, ಯಾರೆಂದು ಕೇಳದೆ.

ಮೊದಲ ಸಾಲಿನಲ್ಲಿ, ಪರೀಕ್ಷೆಗೆಂದು,
ಅವನು ತನ್ನದೇ ಅಳತೆ ತುಂಬಿದ್ದ: ಭುಜ ಹದಿನೇಳೂವರೆ.

ಮೈಮೂನಾ ಕೊರಳಿಗೆ ಟೇಪು ಹಾಕಿಕೊಂಡು ಎದ್ದರು.
"ಸುಳ್ಳ," ಎಂದರು, "ಹದಿನೆಂಟಿತ್ತು.
ನನಗೆ ಬಟ್ಟೆ ಜಾಸ್ತಿ ಬೇಕಾಗ್ತದೆ ಅಂತ ಹೇಳಿದ್ದಲ್ಲ."
ತಿದ್ದಲಿಲ್ಲ. ಹೊರಗೆ ಕೂತವಳನ್ನು ಕರೆದರು.