ಲೆಕ್ಕಕ್ಕಿಲ್ಲದ್ದು

ಸೆತೂಬಲ್ ಬಂದರಿನ ಬೆನ್ನಿಗಿರುವ ಶಾಲೆ
ಹಗಲು ಮಕ್ಕಳದು, ಎಂಟರ ಮೇಲೆ ನಮ್ಮದು.
ಗೋಡೆಯ ಮೇಲೆ ಬಣ್ಣದ ಆಮೆ, ಮೊಲ.
ಕೆಳಗೆ ಗಿಡ್ಡ ಬೆಂಚುಗಳಲ್ಲಿ ಮಡಚಿಕೊಂಡು ಕೂತ
ದೊಡ್ಡ ದೊಡ್ಡ ಮೊಣಕಾಲುಗಳು.
ಅವರವರ ದಿನದ ವಾಸನೆ ಅವರವರ ಜೊತೆಗೇ ಒಳಬರುತ್ತದೆ:
ಬ್ಲೀಚು, ಡೀಸೆಲ್ಲು, ಕರಿದ ಬೊಂಡಾಸ.

"ಇದರಿಂದ ಏನುಪಯೋಗ, ಟೀಚರ್?"
ಮೊದಲ ವಾರವೇ ಕೇಳಿದ ಬಲ್ತಝಾರ್.
ಬಸ್ಸು ಓಡಿಸುವವನು. ಸಿಟ್ಟಿನಿಂದಲ್ಲ,
ಎಲ್ಲಿ ಇಳೀತೀರಿ ಎಂದು ವಿಚಾರಿಸಿದ ಹಾಗೆ.

ಮೇಲಿನಿಂದ ಬಂದ ಸುತ್ತೋಲೆಯಲ್ಲಿ ಉತ್ತರವಿತ್ತು:
ಬದುಕಿಗೆ ಹತ್ತಿರದ ಉದಾಹರಣೆ ಕೊಡಿ.
ಕೊಟ್ಟೆ. ನನ್ನದೇ ಅಂಗಡಿ ಚೀಟಿ ತಂದು
ಟೊಮೇಟೊ, ಎಣ್ಣೆ, ಶೇಕಡಾ ಹದಿನೈದರ ರಿಯಾಯಿತಿ
ಬೋರ್ಡಿನ ತುಂಬ ಬರೆದು ತಿರುಗಿದರೆ
ಇಡೀ ತರಗತಿ ಮುಸಿಮುಸಿ ನಗುತ್ತಿದೆ.
ನಾನು ದಶಾಂಶದ ಚುಕ್ಕಿ ಇಡುವಷ್ಟರಲ್ಲಿ
ಬಾಯಲ್ಲೇ ಗುಣಿಸಿ ಮುಗಿಸಿದ್ದರು.
"ಎಣ್ಣೆಗೆ ನಿಮ್ಮನ್ನು ಚೆನ್ನಾಗಿ ಬೋಳಿಸಿದ್ದಾರೆ.
ಶನಿವಾರ ಮಾರ್ಕೆಟ್ಟಿನ ಹಿಂಬಾಗಿಲಿಗೆ ಬನ್ನಿ, ನಾನು ಕೊಡಿಸ್ತೇನೆ."
ಅಜ್ಜಿಗೆ ಕೆಮ್ಮು ಕಲಿಸಲು ಹೋದ ಮೊಮ್ಮಗಳು ನಾನು.

ಆಮೇಲೆ ಸುಮ್ಮನಾದೆ. ಪುಸ್ತಕದ ಏಣಿಯನ್ನು
ಪುಸ್ತಕದ ಗೋಡೆಗೇ ಒರಗಿಸಿದೆ.
ಎತ್ತರ ಇಷ್ಟು, ಬುಡ ಇಷ್ಟು, ಇಳಿಜಾರು ಎಷ್ಟು?

ಕೊನೆಯ ಬೆಂಚಿನಿಂದ ಎವರಿಸ್ತು ಕೈಯೆತ್ತಿದ.
ಮೂವತ್ತು ವರ್ಷ ಊರಿನ ಬಚ್ಚಲುಗಳಿಗೆಲ್ಲ
ಟೈಲ್ಸ್ ಕೂರಿಸಿದವನು, ಮಾತು ಕಮ್ಮಿ.
"ಏಣಿ ಬೇಡ," ಅಂದ.
"ನನ್ನ ಬಾಗಿಲ ಮುಂದೆ ಮೂರು ಮೆಟ್ಟಿಲು,
ಒಂದೊಂದೂ ಹದಿನಾರು ಸೆಂಟಿಮೀಟರು.
ಈಸ್ಟರಿನಿಂದ ಇವೋನಿ ಗಾಲಿಕುರ್ಚಿಯಲ್ಲಿದ್ದಾಳೆ.
ಹಲಗೆ ಹಾಕಿದೆ. ಜಾರಿತು."
ಆಮೇಲೇನಾಯಿತೆಂದು ಹೇಳಲಿಲ್ಲ.

ಒಂದಕ್ಕೆ ಹನ್ನೆರಡು, ಎಂದೆ, ಸೀಮೆಸುಣ್ಣ ಬದಲಿಸುತ್ತಾ.
ನಲವತ್ತೆಂಟು ಏರಬೇಕಾದರೆ ಐನೂರ ಎಪ್ಪತ್ತಾರು.
"ಅಂಗಳ ಇರುವುದೇ ನಾಲ್ಕು ಮೀಟರು."
ಆಗ ಎದ್ದರು ನೋಡಿ ಎಲ್ಲರೂ.
ಬಲ್ತಝಾರ್ ಗೇರು ಹಾಕುವ ಕೈಯಲ್ಲೇ ತಿರುವು ತೋರಿಸಿದ.
ಆಸ್ಪತ್ರೆಯ ನೆಲ ಒರೆಸುವ ದೊಮಿಂಗಶ್
ಕುರ್ಚಿ ತಿರುಗಲು ಎಷ್ಟು ಜಾಗ ಬೇಕೆಂದು
ಹೆಜ್ಜೆಯಲ್ಲಿ ಅಳೆದಳು.
ಬೆಂಚುಗಳನ್ನು ಗೋಡೆಗೆ ತಳ್ಳಿ ನೆಲದ ಮೇಲೆಯೇ
ಇವೋನಿಯ ದಾರಿ ಬರೆದೆವು, ನಡುವೆ ಒಂದು ಮಡಿಕೆ.

ಗೆದ್ದೆ ಅಂದುಕೊಂಡೆ. ಸುತ್ತೋಲೆಗೆ ಉತ್ತರವನ್ನೂ
ಮನಸ್ಸಿನಲ್ಲೇ ಬರೆಯತೊಡಗಿದ್ದೆ.

ಝುಲ್ಮೀರ ಮಾತ್ರ ಎದ್ದಿರಲಿಲ್ಲ.
ಎಪ್ಪತ್ತೊಂದು. ಮೂವತ್ತೆಂಟು ವರ್ಷ ಡಬ್ಬಿ ಕಾರ್ಖಾನೆಯಲ್ಲಿ
ಬೂತಾಯಿಯ ತಲೆ ಕತ್ತರಿಸಿ ಸಾಲಾಗಿ ಮಲಗಿಸಿದವಳು.
ಕೂಲಿ ಡಬ್ಬಿಗೆ ಇಷ್ಟೆಂದು, ಎಣಿಸುವವನು ಬೇರೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅವಳಿಗೂ ಒಂದು ಉಪಯೋಗ ಹುಡುಕಿಕೊಡಲು ಹೊರಟೆ:
"ಆಗಲೇ ನಿಮಗಿದು ಗೊತ್ತಿದ್ದರೆ, ಆ ಮೇಸ್ತ್ರಿಯ ಪುಸ್ತಕದಲ್ಲಿ..."

"ಬೇಡ," ಎಂದಳು. "ಕಾರ್ಖಾನೆ ಈಗ ಹೋಟೆಲು.
ಮೇಸ್ತ್ರಿಯ ಗೋರಿಗೆ ಹೂವಿಡುವವರೂ ಇಲ್ಲ.
ನೋಡು ಮಗಳೇ, ಕತ್ತರಿ ಹಿಡಿದದ್ದು ಕೂಲಿಗೆ,
ಮದುವೆಯಾದದ್ದು ಸೂರಿಗೆ,
ಮಾತೆ ಮರಿಯಳ ಮುಂದೆ ಮೊಣಕಾಲೂರಿದ್ದೂ
ದೋಣಿ ವಾಪಸು ಬರಲೆಂದೇ.
ಯಾತಕ್ಕೂ ಅಲ್ಲದ್ದು ಒಂದಾದರೂ ಇರಲಿ ನನಗೆ.
ಆ ಎಕ್ಸ್ ಅನ್ನುವವನು ಮುಖ ಮುಚ್ಚಿಕೊಂಡು ಕೂತಿದ್ದಾನಲ್ಲ,
ಅವನನ್ನು ಹಿಡಿಯೋದು ಕಲಿಸು."

ಎದ್ದವರೆಲ್ಲ ಮೆಲ್ಲಗೆ ಕೂತರು.
ಮೂರು ಎಕ್ಸ್, ಅದರಲ್ಲಿ ನಾಲ್ಕು ಕಳೆದರೆ ಹದಿನೇಳು.
ಬರೆದುಕೊಟ್ಟು ಕಿಟಕಿಯ ಬಳಿ ನಿಂತೆ.
ಸಾದು ನದಿಯ ಮೇಲೆ ಯಾವುದೋ ದೀಪ
ದಡಕ್ಕೂ ಬಾರದೆ ದೂರಕ್ಕೂ ಹೋಗದೆ ಇತ್ತು.
ಅವಳು ನಾಲ್ಕನ್ನು ಗೆರೆ ದಾಟಿಸಿದಳು.
ಒರೆಸಿದಳು. ಮತ್ತೆ ದಾಟಿಸಿದಳು.
ಮೀನಿನ ಮುಳ್ಳು ಬಿಡಿಸುವ ಬೆರಳಲ್ಲೇ
ಮೂರನ್ನು ಮೆತ್ತಗೆ ಬಿಡಿಸಿದಳು.
ಗಂಟೆ ಹೊಡೆಯಿತು. ಕೊನೆಯ ಬಸ್ಸಿಗೆ ಐದೇ ನಿಮಿಷ.

"ಏಳು," ಎಂದಳು ಝುಲ್ಮೀರ.

ಯಾರೂ ಏಳಲಿಲ್ಲ.