ಹನ್ನೆರಡನೆಯ ಪಂಚಮ

ಫೆರೋ ದ್ವೀಪಗಳಲ್ಲಿ ತೋಳಗಳಿಲ್ಲ.
ಕುರಿಗಳಿವೆ, ಗಾಳಿಯಿದೆ, ಹುಲ್ಲು ಹೊದ್ದ ಮರದ ಚರ್ಚುಗಳಿವೆ.
ತೋಳವನ್ನು ತಂದವಳು ನಾನು,
ಸಲಕರಣೆ ಪೆಟ್ಟಿಗೆಯಲ್ಲಿ, ದೋಣಿಯಿಂದ ದೋಣಿಗೆ,
ಮೂವತ್ತೊಂದು ವರ್ಷ.

ಆರ್ಗನ್ನುಗಳಿಗೆ ಶ್ರುತಿ ಕೂಡಿಸುವುದು ನನ್ನ ಕಸುಬು.
ಅಪ್ಪನಿಂದ ಬಂದದ್ದು ಹಿತ್ತಾಳೆಯ ಈ ಶಂಕು,
ಮತ್ತೆ ಒಂದು ಮಾತು: ಕಿವಿಗೆ ಬಿದ್ದ ತಪ್ಪನ್ನು
ಬಿಟ್ಟು ಬರುವವಳು ಕಳ್ಳಿ.

ಲೆಕ್ಕ ಹೀಗಿದೆ.
ಷಡ್ಜದಿಂದ ಪಂಚಮಕ್ಕೆ, ಆ ಪಂಚಮವನ್ನೇ
ಷಡ್ಜ ಮಾಡಿಕೊಂಡು ಅದರ ಪಂಚಮಕ್ಕೆ,
ಕೂದಲೆಳೆಯೂ ಅಲುಗದಂತೆ ಹನ್ನೆರಡು ಮೆಟ್ಟಿಲು ಹತ್ತಿದರೆ
ಹೊರಟ ಮನೆಗೇ ಬಂದು ಮುಟ್ಟಬೇಕು.
ಮುಟ್ಟುವುದಿಲ್ಲ.
ಹೊಸ್ತಿಲು ದಾಟಿ, ಒಂದು ಬೆರಳು ಆಚೆ ನಿಂತಿರುತ್ತೀರಿ.
ಯಾರ ತಪ್ಪೂ ಅಲ್ಲ, ಲೋಕವನ್ನು ಕಟ್ಟಿದ್ದೇ ಹಾಗೆ.
ಹನ್ನೊಂದನ್ನು ಅಪ್ಪಟ ಮಾಡಿದಿರೋ,
ಉಳಿಕೆಯೆಲ್ಲ ಹನ್ನೆರಡನೆಯದರ ತಲೆಗೆ.
ಅದು ಊಳಿಡುತ್ತದೆ.
ನಮ್ಮ ಕಸುಬಿನವರು ಅದಕ್ಕೆ ತೋಳ ಅನ್ನುತ್ತಾರೆ.

ಚರ್ಚಿನಲ್ಲಿ ಆ ಉಳಿಕೆಯನ್ನು
ಹನ್ನೆರಡಕ್ಕೂ ಚೂರುಚೂರು ಹಂಚಿ ಬರುತ್ತಿದ್ದೆ, ಹಲ್ಲು ಕಚ್ಚಿ.
ಮನೆಯಲ್ಲಿ ಹಂಚಲಿಲ್ಲ.
ತಟ್ಟೆಗಳ ಸಾಲು, ಲೆಕ್ಕದ ಪುಸ್ತಕ, ಭಾನುವಾರದ ಕೇಕಿನ ಅಂಚು,
ಯಾರೂ ನೋಡದ ಸ್ವೆಟರಿನ ಒಳಮೈ ಕೂಡ ಅಪ್ಪಟ.
ಹನ್ನೆರಡನೆಯದು ರನ್ವಾ, ಮಗಳು.
ಒಂಬತ್ತರ ಹುಡುಗಿ ಹೆಣೆದು ತಂದ ಕೈಗವಸನ್ನು
ತಪ್ಪಿದ ಕುಣಿಕೆಯವರೆಗೂ ಅವಳೆದುರೇ ಬಿಚ್ಚಿದ್ದೆ.
ಅಳಲಿಲ್ಲ ಅವಳು. ನೂಲನ್ನು ಸುತ್ತಿ ಉಂಡೆ ಮಾಡಿ ಕೊಟ್ಟಳು.
ಅಷ್ಟು ಅಚ್ಚುಕಟ್ಟಾದ ಉಂಡೆಯನ್ನು ಮತ್ತೆ ಕಂಡಿಲ್ಲ ನಾನು.

ಈಸ್ಟರಿನ ಹಿಂದಿನ ದಿನ. ಉತ್ತರದ ಕೊನೆಯ ದ್ವೀಪ.
ಚರ್ಚಿನೊಳಗೆ ಉಸಿರು ಹೊಗೆಯಾಗುವ ಚಳಿ.
ಕೀಲಿ ಒತ್ತಲು ಕುಳಿತವನು ಗಂಟೆ ಹೊಡೆಯುವ ತ್ರೋಂದುರ್,
ಮೀನುದೋಣಿಯ ರಾಟೆ ಎರಡು ಬೆರಳು ತಿಂದ ಕೈ.
ಮೇಲಿನ ಸಾಲಿನಲ್ಲೊಂದು ಕೊಳವೆ, ಪೆನ್ಸಿಲಿನಷ್ಟು;
ಮುಟ್ಟಿದರೆ ಬೆಚ್ಚಗಾಗಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.
ಇನ್ನೊಮ್ಮೆ, ಅಂದೆ. ಇನ್ನೊಮ್ಮೆ.
ಎರಡು ತಾಸು ತಟ್ಟಿ ತಟ್ಟಿ
ಕೊನೆಗೆ ತವರದ ಅಂಚೇ ಸೀಳಿತು.

ತ್ರೋಂದುರ್ ಬೆರಳು ತೆಗೆಯಲಿಲ್ಲ. ಸೀಳಿದ ಕೊಳವೆ ಕೂಗುತ್ತಲೇ ಇತ್ತು.
"ನಾಳೆ ಜನ ಬರ್ತಾರಲ್ಲ," ಅಂದ,
"ಅರವತ್ತು ಮೈ, ಒದ್ದೆ ಕೋಟು. ಒಳಗೆಲ್ಲ ಬೆಚ್ಚಗಾಗುತ್ತೆ,
ನೀನು ಕೂಡಿಸಿಟ್ಟದ್ದೆಲ್ಲ ಏರಿಬಿಡುತ್ತೆ.
ಪ್ರತಿ ವರ್ಷ ಏರುತ್ತೆ. ನಾವು ಅದರ ಹಿಂದೆಯೇ ಹಾಡ್ಕೊಂಡು ಹೋಗ್ತೀವಿ.
ಸಾಕು, ಇಳಿದು ಬಾ. ಕಾಫಿ ಆರ್ತಿದೆ."

ಸಾಕು.
ಬಾಗಿಲು ಮುಚ್ಚುವ ಪದ ಎಂದುಕೊಂಡಿದ್ದೆ.
ತಾಯಿ ಸತ್ತ ಮರಿಯನ್ನು ಅಡುಗೆಮನೆಗೆ ತಂದು
ಬಾಟಲಿಯ ಹಾಲು ಕುಡಿಸುವುದಕ್ಕೂ
ಅದೇ ಪದವೆಂದು ಮರೆತಿದ್ದೆ.

ಏಣಿಯಿಂದ ಇಳಿಯುವಾಗ ಕಣ್ಣಿಗೆ ಬಿದ್ದ,
ಬಲಿಪೀಠದ ಮೇಲಿನ ಮರದ ಕ್ರಿಸ್ತ.
ಒಡೆದ ಹಡಗಿನ ಹಲಗೆಯಲ್ಲಿ ಯಾವನೋ ನಾವಿಕ ಕೆತ್ತಿದ್ದು.
ಎಡತೋಳು ಬಲತೋಳಿಗಿಂತ ಉದ್ದ.
ಮೂವತ್ತೊಂದು ವರ್ಷ ಅದನ್ನು ನೋಡಲಾರದೆ
ಮುಖ ತಿರುಗಿಸಿ ಪ್ರಾರ್ಥಿಸುತ್ತಿದ್ದೆ,
ಆ ಪ್ರಾರ್ಥನೆಯನ್ನೂ ಮನಸ್ಸಿನಲ್ಲೇ ತಿದ್ದಿ ತಿದ್ದಿ.
ಹತ್ತಿರ ಹೋಗಿ ಅಳೆದೆ.
ಹೆಚ್ಚೆಂದರೆ ಒಂದು ಬೆರಳು.
ಅಲ್ಲೇ ಇತ್ತು, ಎಲ್ಲಿಯೂ ಕೂಡದ ನನ್ನ ಉಳಿಕೆ,
ಮೊಳೆ ಹೊಡೆಸಿಕೊಂಡು.

ಮರುದಿನ ಎಲ್ಲರೂ ಒಟ್ಟಿಗೇ ತಪ್ಪಿ ಹಾಡಿದೆವು.
ಸೀಳಿದ ಕೊಳವೆ ಸೀಳಿದಂತೆಯೇ ಉಸಿರಾಡಿತು.

ಸಂಜೆ ದೋಣಿಕಟ್ಟೆಯಿಂದ ಮಗಳಿಗೆ ಫೋನು ಮಾಡಿದೆ.
ಹೇಳಬೇಕಾದ್ದನ್ನೆಲ್ಲ ಬರೆದುಕೊಂಡಿದ್ದ ಚೀಟಿ ಜೇಬಿನಲ್ಲೇ ಉಳಿಯಿತು.
ಕೈಗವಸು, ಅಂದೆ. ಮುಂದೆ ಮಾತು ಹೊರಡಲಿಲ್ಲ.
ಗಾಳಿ. ಅಲೆ. ಆ ತುದಿಯಲ್ಲಿ ಬಹಳ ಹೊತ್ತು ಏನೂ ಇಲ್ಲ.
ಆಮೇಲೆ,
"ಎಡಗೈಯದ್ದಾ?" ಅಂದಳು.